ಖುಷಿ ನೋಡಲು ವಿಯೆಟ್ನಾಮಿಗೆ ಹೋದದ್ದು

ಅಂಕೋಲೆ

ಮಕ್ಕಳೇ, ನಿಮ್ಮ ಅಜ್ಜಿಯನ್ನು ವಿಯೆಟ್ನಾಮಿಗೆ ಕರೆದುಕೊಂಡು ಹೋದದ್ದು ಅಲ್ಲಿಯ ಜನ ಕೆಲಸ ಮಾಡುತ್ತ ಹೇಗೆ ನಗುತ್ತಾರೆ ಎಂದು ನೋಡಿಕೊಂಡು ಬರಲಿಕ್ಕೆ. ಕಾರವಾರದ ನಿಮ್ಮ ಮನೆಯಲ್ಲಿ ನೀವು ಸುತ್ತ ಕೂತು ಕೇಳಿದಾಗ ನಾನು ವಿಮಾನದಲ್ಲಿ ಕೊಟ್ಟ ಊಟದ ಸುದ್ದಿ, ಕಿಟಕಿಯಲ್ಲಿ ಕಂಡ ಮೋಡದ ಸುದ್ದಿ ಹೇಳಿ ಸುಮ್ಮನಾದೆ. ಹೊಟ್ಟೆಯೊಳಗಿನ ಕಳವಳವನ್ನು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಬರೆಯುವುದಾದರೆ ನಿಧಾನಕ್ಕೆ ಬರೆಯಬಹುದು. ಯಾರೂ ಎದುರು ನಿಂತು ಮುಖ ನೋಡುವುದಿಲ್ಲ.

ನಾನು ಅಂಕೋಲೆಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಬಿಡಿಸುವವಳು ಎಂಬುದು ನಿಮಗೆ ಗೊತ್ತು. ನಿಮ್ಮ ಅಜ್ಜ ತೀರಿಕೊಂಡ ವರ್ಷವೇ ಮಂಜಗುಣಿಯಿಂದ ಬಸ್ಸು ಹತ್ತಿ ಬಂದು ಅಲ್ಲಿ ಸೇರಿದೆ. ಆಗ ಉದ್ದ ಮೇಜಿನ ಎರಡೂ ಬದಿ ಹೆಂಗಸರು ಎದುರುಬದುರು ಕೂತು ಚೂರಿಯ ಮೊನೆಯಿಂದ ಬೀಜದ ಕೆಂಪು ಸಿಪ್ಪೆ ಬಿಡಿಸುತ್ತಿದ್ದರು. ನನ್ನ ಎದುರಿಗೆ ಶೇವಂತಿ. ಅವಳು ಕಾರವಾರದ ಹತ್ತಿರದ ಹಣಕೋಣದಿಂದ ಅಂಕೋಲೆಗೆ ಮದುವೆಯಾಗಿ ಬಂದವಳು, ಕೊಂಕಣಿ ಬೆರೆಸಿ ಕನ್ನಡ ಮಾತಾಡುವವಳು. ಮೊದಲ ಕೆಲವು ವಾರ ನಾನು ತುಟಿ ಬಿಚ್ಚಲಿಲ್ಲ. ಅವಳು ಬಿಡಲಿಲ್ಲ. ತನ್ನ ಅತ್ತೆಯ ಸುದ್ದಿ, ಬಾವಿಗೆ ಬಿದ್ದ ಬೆಕ್ಕಿನ ಸುದ್ದಿ, ನುಸಿ ಹಿಡಿದ ಅಕ್ಕಿಯ ಸುದ್ದಿ ಎಲ್ಲವನ್ನೂ ನನ್ನ ಮುಖಕ್ಕೇ ಹೇಳಿದಳು. ಒಂದು ದಿನ ನಾನು ನಕ್ಕುಬಿಟ್ಟೆ. ಆ ಮೇಜು ಇಲ್ಲದಿದ್ದರೆ ಆ ವರ್ಷ ನಾನು ಹೇಗೆ ದಾಟುತ್ತಿದ್ದೆನೋ ಗೊತ್ತಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಮಾಲೀಕರ ಮಗಳು ಅಶ್ವಿನಿ ಮೇಡಂ ಫ್ಯಾಕ್ಟರಿ ನೋಡಿಕೊಳ್ಳಲು ಬಂದರು. ನಿಮ್ಮ ಅಮ್ಮನ ಓರಗೆಯವರು. ಒಳ್ಳೆಯವರು. ಹೊಸ ಹಾಲ್ ಕಟ್ಟಿಸಿದರು, ಫ್ಯಾನು ಹಾಕಿಸಿದರು, ತಣ್ಣೀರಿನ ಮೆಷಿನ್ ಇಡಿಸಿದರು. ಆದರೆ ಎದುರುಬದುರು ಕೂತು ಮಾತಾಡಿದರೆ ಬೀಜದ ಮೇಲೆ ಎಂಜಲು ಸಿಡಿಯುತ್ತದೆ ಎಂದು ಶುಚಿತ್ವದ ತಪಾಸಣೆಗೆ ಬಂದವರು ಹೇಳಿದರಂತೆ. ಮೇಜುಗಳನ್ನೆಲ್ಲ ಶಾಲೆಯ ಬೆಂಚಿನ ಹಾಗೆ ಒಂದೇ ದಿಕ್ಕಿಗೆ ಹಾಕಿಸಿದರು. ಅಂದಿನಿಂದ ನನಗೆ ಕಾಣುವುದು ಮುಂದೆ ಕೂತವಳ ತುರುಬು. ಶೇವಂತಿ ನನ್ನ ಬೆನ್ನ ಹಿಂದೆ. ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಸದ್ದಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಮೇಡಂ ಗಾಬರಿಯಾದರು. ನಮಗೆ ಬೇಸರ ಬಂದಿದೆ, ಖುಷಿ ಬೇಕು ಎಂದುಕೊಂಡರು. ಶನಿವಾರ ಶನಿವಾರ ಬಲೂನು ಕಟ್ಟಿಸಿ ಆಟ ಆಡಿಸತೊಡಗಿದರು. ಕುರ್ಚಿ ಸುತ್ತುವ ಆಟದಲ್ಲಿ ಒಬ್ಬಳು ಬಿದ್ದು ಸೊಂಟ ಹಿಡಿದುಕೊಂಡಳು. ವಾರದ ನಗುಮುಖ ಎಂದು ಒಬ್ಬರ ಫೋಟೊ ಗೋಡೆಗೆ ಹಾಕುವುದನ್ನೂ ಶುರು ಮಾಡಿದರು. ಅದರಲ್ಲಿ ಮತ್ತೆ ಮತ್ತೆ ನನ್ನದೇ ಫೋಟೊ ಬಂತು. ಯಾಕೆಂದರೆ ಹೆದರಿಕೆಯಾದಾಗ ನನಗೆ ನಗು ಬರುತ್ತದೆ. ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ. ಶಾಲೆಯಲ್ಲಿ ಮಾಸ್ತರರು ಕೋಲು ಎತ್ತಿದರೆ ನಗುತ್ತಿದ್ದೆ, ಅದಕ್ಕೆ ಇನ್ನೆರಡು ಬೀಳುತ್ತಿತ್ತು. ಮೇಡಂ ಕ್ಯಾಮೆರಾ ಹಿಡಿದು ಬಂದರೆ ನನ್ನ ಹಲ್ಲು ತಾನಾಗಿಯೇ ಹೊರಗೆ.

ಗೋಡೆ ನೋಡಿ ಶೇವಂತಿ ಅಂದಳು: "ಫೋಟೊ ಆಯ್ತು. ಇನ್ನೊಂದು ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ರೆ ಮುಗೀತು ನೋಡು."

ಆ ಹೊತ್ತಿಗೇ ಮೇಡಂ ಪರಿಚಯದ ವಿಯೆಟ್ನಾಮಿನ ಫ್ಯಾಕ್ಟರಿಯವರು ಕರೆದರು. ಅಲ್ಲಿ ಕೆಲಸಗಾರರನ್ನು ತುಂಬ ಖುಷಿಯಾಗಿ ಇಟ್ಟಿದ್ದಾರಂತೆ. ನೋಡಿಕೊಂಡು ಬರಲು ಮೇಡಂ ಜೊತೆ ಇಬ್ಬರು. ಒಬ್ಬಳು ಕುರ್ಚಿ ಆಟದಲ್ಲಿ ಗೆದ್ದ ಶೇವಂತಿ. ಇನ್ನೊಬ್ಬಳು ಫ್ಯಾಕ್ಟರಿಯಲ್ಲೇ ಎಲ್ಲರಿಗಿಂತ ಖುಷಿಯಾಗಿರುವ ಸುಶೀಲಾ, ಎಂದರೆ ನಾನು.

ಹೊರಡುವ ಹಿಂದಿನ ದಿನ ನಲ್ಲಿಯ ಹತ್ತಿರ ಹೆಂಗಸರೆಲ್ಲ ನನ್ನನ್ನು ಸುತ್ತುಗಟ್ಟಿದರು. ಎಲ್ಲರಲ್ಲಿ ಹಿರಿಯಳಾದ ಮಾದೇವಿ ನನ್ನ ಕೈ ಹಿಡಿದುಕೊಂಡಳು.

"ಸುಶೀಲಾ, ನೀನೇ ಹೇಳ್ಬೇಕು. ಮೇಜು ಮುಂಚಿನಾಂಗೆ ಹಾಕೂಕೆ ಹೇಳು. ಮತ್ತೆಂತದೂ ಬೇಡ ನಮ್ಗೆ."

"ಶೇವಂತಿ ಹೇಳ್ಲಿ, ಅವ್ಳಿಗೆ ಬಾಯಿ ಅದೆ," ಎಂದೆ.

"ಅವ್ಳು ಹೇಳಿದ್ರೆ ಜಗಳ ಆತದೆ. ನೀನಂದ್ರೆ ಮೇಡಂಗೆ ಪ್ರೀತಿ. ಇನ್ನು ನಾಕು ಜನ ಬಿಟ್ರೆ ಸಿಪ್ಪೆ ವಿಭಾಗನೇ ಮುಚ್ತಾರಂತೆ, ಕ್ಲಾರ್ಕ ಹೇಳ್ದ. ಮೆಷಿನ್ ತರ್ತಾರಂತೆ. ಮತ್ತೆ ನಾವೆಲ್ಲಿ ಹೋಗೂದು?"

ನಾನು ನಕ್ಕೆ. ನಾನು ಒಪ್ಪಿದೆ ಎಂದು ಅವರು ತಿಳಿದುಕೊಂಡರು.

ಗೋವಾದ ವಿಮಾನ ನಿಲ್ದಾಣ

ಪಾಸ್‌ಪೋರ್ಟಿನ ಫೋಟೊ ತೆಗೆಸುವಾಗಲೇ ಕಷ್ಟವಾಗಿತ್ತು. ಕಾರವಾರದ ಸ್ಟುಡಿಯೊದವನು "ನಗಬೇಡಿ ಅಮ್ಮಾ, ನಗುವ ಫೋಟೊ ನಡೆಯೂದಿಲ್ಲ" ಎಂದು ಹೇಳಿದಷ್ಟೂ ನನಗೆ ಹೆದರಿಕೆ, ಹೆದರಿಕೆಯಾದಷ್ಟೂ ನಗು. ಕೊನೆಗೆ ಶೇವಂತಿ ಹಿಂದಿನಿಂದ ನನ್ನ ತೋಳು ಚಿವುಟಿದಳು. ಆ ಫೋಟೊದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಇದ್ದೇನೆ.

ಈಗ ವಿಮಾನ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ನನ್ನನ್ನು ನೋಡಿದ. ನಾನು ಹಲ್ಲು ಬಿಟ್ಟು ನಿಂತಿದ್ದೆ. ಮತ್ತೆ ಪಾಸ್‌ಪೋರ್ಟ್ ನೋಡಿ ಹಿಂದಿಯಲ್ಲಿ ಕೇಳಿದ.

"ಇದು ನೀವೇನಾ?"

ಹಿಂದೆ ನಿಂತ ಶೇವಂತಿ, "ಸ್ವಲ್ಪ ಚಿವುಟಿ ನೋಡಿ ಸಾಯ್ಬ್ರೆ, ಅದೇ ಮುಖ ಬತ್ತದೆ" ಎಂದಳು. ಅವನಿಗೆ ಏನು ಅರ್ಥವಾಯಿತೋ, ಮುದ್ರೆ ಒತ್ತಿ ಕಳಿಸಿದ.

ವಿಮಾನದಲ್ಲಿ ನನ್ನ ಸೀಟು ಮೇಡಂ ಪಕ್ಕದಲ್ಲಿ. ಈಗ ಹೇಳಿಬಿಡಬೇಕು ಎಂದುಕೊಂಡೆ. ಮೊದಲ ಮಾತು ಹೇಗೆ ತೆಗೆಯುವುದು ಎಂದು ಯೋಚಿಸಿದೆ. 'ಮೇಡಂ, ಹಾಲ್ ಚೆನ್ನಾಗಿದೆ, ಆದರೆ' ಎಂದು ಶುರು ಮಾಡಿದರೆ ಆ 'ಆದರೆ' ಕೇಳಿದ ಕೂಡಲೇ ಅವರ ಮುಖ ಬಾಡುತ್ತದೆ. ಅದು ಅವರು ಮಾಡಿದ ಮೊದಲ ಕೆಲಸ. ಗೋಡೆಯ ಬಣ್ಣ ಸಹ ತಾವೇ ನಿಂತು ಆರಿಸಿದ್ದು. ನಾನು ಗಂಟಲು ಸರಿಮಾಡಿಕೊಂಡೆ. ಅವರು ನನ್ನ ಕಡೆ ತಿರುಗಿ, "ಸುಶೀಲಕ್ಕ, ಕಂಫರ್ಟಾಗಿದೀರಾ? ನಿಮ್ಮ ನಗು ನೋಡಿದ್ರೆ ನನಗೆ ಧೈರ್ಯ ಬರುತ್ತೆ" ಎಂದರು.

ಅಲ್ಲಿಗೆ ಮುಗಿಯಿತು. ಸಮುದ್ರ ದಾಟುವವರೆಗೂ ಸೀಟಿನ ಬೆಲ್ಟ್ ಬಿಚ್ಚದೆ ಕೂತೆ.

ಫ್ಯಾಕ್ಟರಿಯ ಊರು

ದೊಡ್ಡ ಪಟ್ಟಣದಲ್ಲಿ ಇಳಿದು ಅಲ್ಲಿಂದ ಕಾರಿನಲ್ಲಿ ಒಳನಾಡಿಗೆ ಹೋದೆವು. ಪಟ್ಟಣದಲ್ಲಿ ಮೋಟರ್‌ಸೈಕಲ್ಲುಗಳು ನಮ್ಮ ಗಂಗಾವಳಿ ಹೊಳೆಯಲ್ಲಿ ಸಮುದ್ರದ ಭರತ ಏರುವಾಗ ನೀರು ಬರುವ ಹಾಗೆ ಎಲ್ಲ ಸಂದುಗಳಲ್ಲಿಯೂ ನುಗ್ಗುತ್ತವೆ. ಹೆಂಗಸರೆಲ್ಲ ಬಾಯಿ ಮೂಗಿಗೆ ಹೂವಿನ ಚಿತ್ರದ ಬಟ್ಟೆಯ ಮಾಸ್ಕ್ ಕಟ್ಟಿಕೊಂಡೇ ಗಾಡಿ ಓಡಿಸುತ್ತಾರೆ. ಊರು ದಾಟಿದ ಮೇಲೆ ಕೆಂಪು ಮಣ್ಣು ಕಾಣಿಸಿತು, ರಬ್ಬರ್ ತೋಟ, ಆಮೇಲೆ ಗೇರುಗಿಡ. ಗೇರುಗಿಡ ಕಂಡ ಕೂಡಲೇ ಕಿಟಕಿಗೆ ಮುಖ ಒತ್ತಿ ನೋಡಿದೆ. ಎಲೆಯೂ ಅದೇ, ಕೊಂಬೆ ಬಾಗುವ ರೀತಿಯೂ ಅದೇ. ದೂರ ದೇಶಕ್ಕೆ ಬಂದು ನಮ್ಮೂರಿನವರನ್ನೇ ಕಂಡ ಹಾಗೆ.

ಫ್ಯಾಕ್ಟರಿಯ ಬಾಗಿಲಲ್ಲೇ ಹಾಡು ಕೇಳಿಸಿತು. ಅಂಗಳದಲ್ಲಿ ಕೆಲಸಗಾರರೆಲ್ಲ ಸಾಲಾಗಿ ನಿಂತು ಲೌಡ್‌ಸ್ಪೀಕರಿನ ಹಾಡಿಗೆ ಕೈಕಾಲು ಆಡಿಸುತ್ತಿದ್ದರು. ಗೋಡೆ ತುಂಬ ಬಣ್ಣದ ಕಾಗದ, ಬಲೂನು. ಮೇಡಂ ಮುಖ ಅರಳಿತು. ಫೋನು ತೆಗೆದು ವಿಡಿಯೊ ಮಾಡತೊಡಗಿದರು. ನಮ್ಮ ಮಾದೇವಿ ಹಾಡಿಗೆ ಕೈ ಮೇಲೆತ್ತಿ ನಿಲ್ಲುವುದನ್ನು ನೆನೆದು ನನಗೆ ಬೆವರು ಬಂತು. ಶೇವಂತಿ ನನ್ನ ಕಿವಿಯ ಹತ್ತಿರ, "ಇದನ್ನೂ ತಕೊಂಡೇ ಹೋತಾರೆ ನೋಡು. ಊರಿಗೆ ಹೋದ ಮರುದಿನದಿಂದ ನಂದೂ ನಿಂದೂ ಡ್ಯಾನ್ಸು" ಎಂದಳು.

ಒಳಗೆ ಸಿಪ್ಪೆ ಬಿಡಿಸುವ ಜಾಗಕ್ಕೆ ಹೋದಾಗ ನಾನು ಬಾಗಿಲಲ್ಲೇ ನಿಂತೆ. ಅಲ್ಲಿ ಹೆಚ್ಚಿನ ಕೆಲಸ ಮೆಷಿನಿನದು. ಮೆಷಿನು ಬಿಟ್ಟ ಸಿಪ್ಪೆಯನ್ನು ತೆಗೆಯಲಿಕ್ಕೆ ಹೆಂಗಸರು. ಆ ಹೆಂಗಸರು ಮೇಜಿನ ಸುತ್ತ ಮುಖಕ್ಕೆ ಮುಖ ಮಾಡಿ ಕೂತಿದ್ದರು. ಮಾಸ್ಕಿನ ಹಿಂದೆಯೇ ಮಾತು. ಒಬ್ಬಳು ಏನೋ ಹೇಳಿದರೆ ನಗೆಗೆ ಮೇಜಿಗೆ ಮೇಜೇ ಅಲುಗಾಡುತ್ತಿತ್ತು. ಶೇವಂತಿ ನನ್ನ ಬೆನ್ನಿಗೆ ತಿವಿದಳು. ನೋಡು, ಹೇಳು ಎಂದು ಅದರ ಅರ್ಥ.

ನಾನು ಮೇಡಂ ಕಡೆ ನೋಡಿದೆ. ಅವರು ವಿಡಿಯೊ ಮಾಡುತ್ತಲೇ ಮೇಲೆ ತೂಗುಹಾಕಿದ ಬಣ್ಣದ ದೀಪ ನೋಡುತ್ತಿದ್ದರು.

ಸಿಪ್ಪೆಯ ಧೂಳಿಗೆ ನನಗೆ ಕೆಮ್ಮು ಬಂತು. ಮೇಜಿನ ತುದಿಯಲ್ಲಿದ್ದ ಒಬ್ಬ ಹೆಂಗಸು, ನನ್ನದೇ ಪ್ರಾಯದವಳಿರಬೇಕು, ಚೀಲದಿಂದ ತೊಳೆದು ಮಡಚಿಟ್ಟ ಮಾಸ್ಕ್ ತೆಗೆದು ತಾನೇ ನನ್ನ ಕಿವಿಗೆ ಸಿಕ್ಕಿಸಿದಳು. ನೀಲಿ ಹೂವಿನದು. ಹಿಂದೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಹೋದ ನಾವಿಬ್ಬರು ದಾರಿ ತಪ್ಪಿ ಇನ್ನೊಂದು ಬಾಗಿಲು ತೆರೆದೆವು. ಒಳಗೆ ದೀಪ ಇಲ್ಲ. ನೆಲದ ತುಂಬ ಜನ ಬಿದ್ದಿದ್ದಾರೆ. ಒಬ್ಬರೂ ಅಲುಗಾಡುವುದಿಲ್ಲ. ಬೆಳಿಗ್ಗೆ ಕುಣಿದವರೇ ರಟ್ಟಿನ ಮೇಲೆ, ಚಾಪೆಯ ಮೇಲೆ ಉದ್ದಕ್ಕೆ ಬಿದ್ದಿದ್ದಾರೆ.

"ಅಗೋ ಬಾಯಿ! ಗ್ಯಾಸು! ಓಡು!" ಎಂದು ಶೇವಂತಿ ಕೊಂಕಣಿ ಬೆರೆಸಿ ಕಿರುಚಿದಳು. ನಾನು ನಗುತ್ತ ನಿಂತೆ. ಆಗ ಹತ್ತಾರು ತಲೆಗಳು ಒಟ್ಟಿಗೇ ಎದ್ದವು. ಅವರ ಪದ್ಧತಿಯೇ ಅದು, ಊಟವಾದ ಮೇಲೆ ಎಲ್ಲರೂ ದೀಪ ಆರಿಸಿ ಸ್ವಲ್ಪ ಹೊತ್ತು ನಿದ್ದೆ ಮಾಡುತ್ತಾರೆ. ನಾವು ಅವರ ನಿದ್ದೆ ಕೆಡಿಸಿದ್ದೆವು. ಒಬ್ಬ ಗಂಡಸು ಗೊಣಗಿ ಮಗ್ಗುಲು ಬದಲಿಸಿದ. ಮಾಸ್ಕ್ ಕೊಟ್ಟವಳು ಮಾತ್ರ ತನ್ನ ಚಾಪೆಯಲ್ಲಿ ಸರಿದು, ಬಾ, ಮಲಗು ಎಂದು ಕೈಯಿಂದ ತೋರಿಸಿದಳು. ನಿಜ ಹೇಳುತ್ತೇನೆ, ಮಲಗಿಬಿಡಬೇಕು ಅನಿಸಿತು.

ಸಂಜೆ

ಅತಿಥಿಗಳು ಬಂದರೆ ಅಲ್ಲಿ ಹಾಡು ಇರಲೇಬೇಕಂತೆ. ಊಟದ ಹಾಲ್‌ನಲ್ಲಿ ಟಿವಿ ಇಟ್ಟು, ಮೈಕ್ ಹಿಡಿದು, ಟಿವಿಯಲ್ಲಿ ಬರುವ ಅಕ್ಷರ ನೋಡುತ್ತ ಒಬ್ಬೊಬ್ಬರೇ ಹಾಡಿದರು. ಲೆಕ್ಕ ಬರೆಯುವವನು ಹಾಡಿದ, ಬೀಜ ಹೊರುವವನು ಹಾಡಿದ. ಯಾರಿಗೂ ನಾಚಿಕೆ ಇಲ್ಲ. ಮೈಕ್ ನನ್ನ ಕಡೆ ಬರುತ್ತಿತ್ತು. ನಮ್ಮಲ್ಲಿ ಆರತಿ ತಟ್ಟೆ ಬರುವಾಗ ನಾನು ಎಂದೂ ಹಿಂದೆ ಸರಿದವಳಲ್ಲ. ಆದರೆ ಆ ಮೈಕ್ ಒಂದೊಂದು ಕುರ್ಚಿ ದಾಟಿ ಬರುವಾಗ ಹಾವು ಬಂದ ಹಾಗೆ ಕಂಡಿತು.

ಬಂದೇ ಬಂತು. ನಾನು ನಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಕ್ ಕೈಯಲ್ಲಿತ್ತು.

"ಅಯ್ಯೋ ದೇವ್ರೇ..." ಎಂದದ್ದು ಹಾಲ್ ತುಂಬ ಗುಂಯ್‌ಗುಟ್ಟಿತು.

ಹಾಡು ಶುರುವಾಯಿತೆಂದು ಮತ್ತೆ ಚಪ್ಪಾಳೆ. ಶೇವಂತಿ ಮೈಕ್ ಕಸಿದುಕೊಂಡು ಮಗುವನ್ನು ತೂಗುವ ಕೊಂಕಣಿ ಹಾಡು ಹಾಡಿ ನನ್ನ ಮಾನ ಉಳಿಸಿದಳು. ಕೋಣೆಗೆ ಹೋಗುವಾಗ ಮೇಡಂ, "ಸುಶೀಲಕ್ಕ, ನಾವೂ ಶನಿವಾರ ಇದನ್ನ ಮಾಡೋಣ. ನೀವೇ ಶುರು ಮಾಡಿಕೊಡಿ" ಎಂದರು. ನಾನು ತಲೆಯಾಡಿಸಿದೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಸೋಮವಾರ

ಸೋಮವಾರ ನಾನು ಮೀನು ಮುಟ್ಟುವುದಿಲ್ಲ. ಅಲ್ಲಿ ಯಾವ ಪದಾರ್ಥಕ್ಕೂ ಮೀನಿನ ರಸ ಹಾಕದೆ ಇರುವುದಿಲ್ಲ, ಸೊಪ್ಪಿಗೂ ಅದೇ. ಬೇರೆ ದಿನ ಅದರ ವಾಸನೆಗೆ ನಮ್ಮ ಮಂಜಗುಣಿಯಲ್ಲಿ ಮೀನು ಒಣಗಿಸುವ ದಿನಗಳ ನೆನಪಾಗಿ ಹಸಿವೆಯಾಗುತ್ತಿತ್ತು. ಅಂದು ಮಾತ್ರ ಬಾಳೆಹಣ್ಣು, ಬರೀ ಅನ್ನ. ಹೊಟ್ಟೆ ಖಾಲಿ, ತಲೆ ಭಾರ. ಮರುದಿನ ವಾಪಸು ಹೊರಡುವುದು. ಹೇಳಬೇಕಾದ ಮಾತು ಹೇಳದೆ ಹಾಗೇ ಉಳಿದಿತ್ತು.

ಮೇಡಂ ಅಲ್ಲಿಯ ಯಜಮಾನರೊಂದಿಗೆ ಮೆಷಿನ್ ನೋಡಲು ಹೋದರು. ನಮ್ಮಿಬ್ಬರನ್ನು ಆಫೀಸಿನಲ್ಲಿ ಕೂರಿಸಿ ಮಂಜುಗಡ್ಡೆ ಹಾಕಿದ ಚಹ, ಒಂದು ದೊಡ್ಡ ಬಟ್ಟಲು ತುಂಬ ಹುರಿದ ಗೇರುಬೀಜ ಇಟ್ಟುಹೋದರು. ಬೀಜದ ಮೇಲೆ ಸಿಪ್ಪೆ ಹಾಗೆಯೇ ಇತ್ತು.

"ಪಾಪ, ಬಿಡಿಸೂಕೆ ಪುರಸೊತ್ತಾಗ್ಲಿಲ್ಲ ಕಾಣ್ತದೆ," ಎಂದಳು ಶೇವಂತಿ.

ನಾನು ಒಂದು ತೆಗೆದುಕೊಂಡು ಉಗುರಿನಿಂದ ಬಿಡಿಸಿದೆ. ಅವಳು ಇನ್ನೊಂದು. ಸಣ್ಣ ಮೇಜು, ನಾವು ಎದುರುಬದುರು. ಎಷ್ಟೋ ತಿಂಗಳ ಮೇಲೆ ಕೆಲಸದ ಕೈಯ ಆಚೆ ಅವಳ ಮುಖ ಕಂಡಿತು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಎಂತದೇ, ನಿದ್ದೆ ಬತ್ತಿಲ್ವಾ ನಿಂಗೆ?"

"ಅತ್ತೆಗೆ ಈಗ ಹಾಸಿಗೆಯಲ್ಲೇ ಎಲ್ಲಾ. ನಾಕು ತಿಂಗ್ಳಾಯ್ತು."

"ನಂಗೆ ಹೇಳೇ ಇಲ್ವಲೇ!"

"ನಿನ್ನ ಬೆನ್ನಿಗೆ ಹೇಳೂಕಾತದಾ?"

ಆಮೇಲೆ ಎಲ್ಲವೂ ಬಂತು. ಅವಳ ಅತ್ತೆಯ ಸುದ್ದಿ, ನನ್ನ ಮಂಡಿನೋವು, ನಿಮ್ಮಿಬ್ಬರ ಪರೀಕ್ಷೆ, ಕೆಲಸ ಬಿಟ್ಟುಹೋದವರ ಸುದ್ದಿ. ಅತ್ತೆಯ ಬೈಗುಳವನ್ನು ಅವಳು ಅತ್ತೆಯ ದನಿಯಲ್ಲೇ ಹೇಳಿ ತೋರಿಸಿದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅದು ಹೆದರಿಕೆಯ ನಗು ಅಲ್ಲ. ಕೈ ತನ್ನ ಪಾಡಿಗೆ ಬಿಡಿಸುತ್ತಲೇ ಇತ್ತು.

"ಮೇಡಂಗೆ ಯಾವಾಗ ಹೇಳ್ತೆ? ಊರಿಗೆ ಹೋಗಿ ಕಾರವಾರದ ಸಂಕ ದಾಟಿದ ಮೇಲಾ?" ಎಂದು ಅವಳು ಕೇಳಿದಳು.

"ಹೇಳ್ತೆ ಮಾರಾಯ್ತಿ. ಅವ್ರ ಮುಖ ನೋಡಿದ್ರೆ ಬಾಯಿ ಕಟ್ತದೆ. ಎಷ್ಟು ಆಸೆಯಿಂದ ಮಾಡ್ಸಿದ ಹಾಲ್ ಅದು."

"ಏನು ಹೇಳಬೇಕು ನನಗೆ?"

ಬಾಗಿಲಲ್ಲಿ ಮೇಡಂ. ಹಿಂದೆ ಅಲ್ಲಿಯ ಯಜಮಾನರು, ಭಾಷೆ ತಿಳಿಸುವ ಹುಡುಗಿ. ಎಲ್ಲರೂ ಮೇಜನ್ನು ನೋಡುತ್ತಿದ್ದರು. ನಾನೂ ಆಗಲೇ ನೋಡಿದ್ದು. ಬಟ್ಟಲಿನ ಅಷ್ಟೂ ಬೀಜ ಬಿಳಿಯಾಗಿ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಗುಡ್ಡೆ. ಒಂದನ್ನೂ ತಿಂದಿರಲಿಲ್ಲ.

ಯಜಮಾನರು ಏನೋ ಅಂದರು. ಹುಡುಗಿ ನಗು ತಡೆದುಕೊಂಡು ಮೇಡಂಗೆ ಹೇಳಿದಳು. ಅವರಲ್ಲಿ ಸಿಪ್ಪೆ ಸಮೇತ ಹುರಿಯುವುದೇ ಕ್ರಮವಂತೆ. ತಿನ್ನುವವರು ಒಂದೊಂದೇ ಬೆರಳಿನಲ್ಲಿ ಉಜ್ಜಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಇಡೀ ಬಟ್ಟಲು ಬಿಡಿಸಿ ಹಾಗೇ ಇಟ್ಟ ಅತಿಥಿಗಳನ್ನು ಅವರು ಇದುವರೆಗೆ ನೋಡಿರಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ತಪ್ಪು ಮಾಡಿದ ಮಕ್ಕಳ ಹಾಗೆ ನಾವಿಬ್ಬರೂ ಎದ್ದು ನಿಂತೆವು.

ಮೇಡಂ ಮಾತ್ರ ನಗಲಿಲ್ಲ. "ಸುಶೀಲಕ್ಕ, ನೀವು ಇಷ್ಟೊಂದು ಮಾತಾಡ್ತೀರಾ? ನಿಮ್ಮ ದನಿಯನ್ನೇ ನಾನು ಸರಿಯಾಗಿ ಕೇಳಿರಲಿಲ್ಲ."

ನನ್ನ ಹಲ್ಲು ಹೊರಗೆ ಬಂತು.

"ನಗಬೇಡಿ. ಏನು ಅಂತ ಹೇಳಿ."

"ಹೆದರ್ಕೆ ಆದ್ರೆ ನಂಗೆ ನಗು ಬತ್ತದೆ ಮೇಡಂ," ಎಂದೆ. "ಗೋಡೆ ಮೇಲಿನ ಫೋಟೊ ಎಲ್ಲಾ ಹೆದ್ರಿದಾಗಿಂದೇ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಒಮ್ಮೆ ತೆರೆದ ನನ್ನ ಬಾಯಿಯನ್ನು ಮತ್ತೆ ಮುಚ್ಚಲು ಆಗಲಿಲ್ಲ. ಉಳಿದದ್ದನ್ನೂ ಹೇಳಿದೆ. "ಆಟ ಬೇಡ ಅಂತಲ್ಲ. ನಮ್ಗೆ ಮುಖ ಬೇಕು ಮೇಡಂ. ಮೇಜು ಮುಂಚಿನಾಂಗೆ ಹಾಕ್ಸಿ. ಇವ್ಳ ಅತ್ತೆ ಹಾಸಿಗೆ ಹಿಡ್ದು ನಾಕು ತಿಂಗ್ಳು. ದಿನಾ ನನ್ನ ಹಿಂದೇ ಕೂತವ್ಳು. ನಂಗೆ ಇವತ್ತು ಗೊತ್ತಾಯ್ತು."

"ಆ ಹಾಲ್ ನಾನು ನಿಮಗೋಸ್ಕರ ಮಾಡಿದ್ದು," ಎಂದರು ಮೇಡಂ. ದನಿ ಸಣ್ಣದಾಗಿತ್ತು. "ತಪಾಸಣೆಯವರು ಬರೆದುಕೊಟ್ಟಿದ್ದಾರೆ. ನಾನೇನು ಮಾಡಲಿ?"

ಹುಡುಗಿ ಸಿಪ್ಪೆಯ ಗುಡ್ಡೆಯನ್ನು ಕಾಗದಕ್ಕೆ ಸರಿಸಿ ತೆಗೆದುಕೊಂಡು ಹೋದಳು.

ಕಾಳಿ ನದಿಯ ಸಂಕ

ವಾಪಸು ಬರುವಾಗ ಮೇಡಂ ನಮ್ಮ ಜೊತೆ ಹೆಚ್ಚು ಮಾತಾಡಲಿಲ್ಲ. ಊಟ ಬಂದರೆ ಊಟ ಬಂತು ಎಂದರು, ಅಷ್ಟೆ. ಒಳ್ಳೆಯ ಮನಸ್ಸನ್ನು ನೋಯಿಸಿದೆನಲ್ಲ ಎಂದು ನಾನು ಊಟದ ತಟ್ಟೆಯನ್ನು ಶೇವಂತಿಯ ಕಡೆ ಸರಿಸಿದೆ. ಊರಿಗೆ ಹೋಗಿ ಮಾದೇವಿಗೆ ಏನು ಹೇಳುವುದು? ಹೇಳಿದೆ ಎನ್ನುವುದೋ, ಹೇಳಿ ಕೆಡಿಸಿದೆ ಎನ್ನುವುದೋ? ಗೋವಾದಲ್ಲಿ ಇಳಿದು ಕಾರು ಹತ್ತಿದೆವು. ಶೇವಂತಿ ಸಹ ಸುಮ್ಮನಿದ್ದಳು ಎಂದರೆ ನೀವೇ ತಿಳಿದುಕೊಳ್ಳಿ.

ಕಾರವಾರಕ್ಕೆ ದಾಟುವ ಸೇತುವೆ, ಕಾಳಿ ನದಿಯ ಸಂಕ ಬಂತು. ಎಡಕ್ಕೆ ಹೊಳೆ, ಬಲಕ್ಕೆ ಸಮುದ್ರ. ಮುಂದಿನ ಸೀಟಿನಲ್ಲಿದ್ದ ಮೇಡಂ ತಮ್ಮ ಫೋನಿನಲ್ಲಿ ಆ ಫ್ಯಾಕ್ಟರಿಯ ವಿಡಿಯೊ ನೋಡುತ್ತಿದ್ದರು. ಬೆಳಿಗ್ಗೆಯ ಕುಣಿತದ ವಿಡಿಯೊ ಇರಬೇಕು ಎಂದುಕೊಂಡೆ. ಅವರು ಒಮ್ಮೆಲೇ ಹಿಂದೆ ತಿರುಗಿದರು.

"ಅವರೆಲ್ಲ ಮಾಸ್ಕ್ ಹಾಕ್ಕೊಂಡೇ ಎದುರುಬದುರು ಕೂತಿದಾರೆ."

"ಹೌದು ಮೇಡಂ."

"ನಾನು ನೋಡೇ ಇರಲಿಲ್ಲ. ಮೇಲಿನ ದೀಪ ನೋಡ್ತಿದ್ದೆ." ಫೋನು ಮಡಿಲಲ್ಲಿಟ್ಟು, "ಸೆಕೆಗೆ ನಿಮಗೆ ಆಗುತ್ತಾ ಅದು?" ಎಂದು ಕೇಳಿದರು.

ನಾನು ಚೀಲದಿಂದ ನೀಲಿ ಹೂವಿನ ಮಾಸ್ಕ್ ತೆಗೆದು ಹಾಕಿಕೊಂಡು ತೋರಿಸಿದೆ. ಶೇವಂತಿ, "ಇಷ್ಟು ದಿನಕ್ಕೆ ಚಂದ ಕಂಡೆ ನೋಡು" ಎಂದಳು. ಮೇಡಂ ನಕ್ಕರೋ ಇಲ್ಲವೋ ಕಾಣಲಿಲ್ಲ, ಅವರು ಮುಂದೆ ತಿರುಗಿಬಿಟ್ಟಿದ್ದರು.

ಮತ್ತೆ ಅಂಕೋಲೆ

ಮೇಡಂ ಒಂದು ಮೇಜನ್ನು ಮಾತ್ರ ತಿರುಗಿಸಿದ್ದಾರೆ. ತಪಾಸಣೆಯವರು ಬಂದು ನೋಡಿ ಒಪ್ಪಿದರೆ ಉಳಿದದ್ದನ್ನೂ ತಿರುಗಿಸುತ್ತಾರಂತೆ. ಒಪ್ಪದಿದ್ದರೆ ಏನು ಎಂದು ನಾನು ಕೇಳಿಲ್ಲ. ಬಿಟ್ಟುಹೋದವರು ಯಾರೂ ಬಂದಿಲ್ಲ, ಆದರೆ ಹೊಸದಾಗಿ ಯಾರೂ ಬಿಟ್ಟಿಲ್ಲ. ಆ ಒಂದು ಮೇಜಿಗೆ ಸರದಿ ಹಚ್ಚಿದ್ದೇವೆ. ಮಾದೇವಿ ತನ್ನ ಸರದಿ ಮುಗಿದರೂ ಏಳುವುದಿಲ್ಲ, ಅದಕ್ಕೆ ದಿನಾ ಜಗಳ. ಆ ಜಗಳ ಕೇಳಲು ಹಿತವಾಗಿದೆ. ಶನಿವಾರದ ಆಟ ಇನ್ನೂ ಇದೆ. ಮೈಕ್ ಬಂದಿಲ್ಲ, ದೇವರ ದಯೆ.

ಗೋಡೆಯ ಮೇಲಿನ ನನ್ನ ಫೋಟೊಗಳನ್ನು ಮೇಡಂ ತಾವೇ ತೆಗೆದರು. ಈಗ ನನ್ನ ಬಾಯಿಗೆ ಮಾಸ್ಕ್ ಇರುತ್ತದೆ. ನಗುತ್ತಿದ್ದೇನೋ ಹೆದರಿದ್ದೇನೋ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಮೇಡಂ ಬೆಳಿಗ್ಗೆ ಮೇಜಿನ ತುದಿಗೆ ಬಂದು ನಿಂತು, "ಹೇಗಿದೀರಿ ಸುಶೀಲಕ್ಕ?" ಎಂದು ಕೇಳುತ್ತಾರೆ. ಕೇಳಿ ಹೋಗಿಬಿಡುವುದಿಲ್ಲ, ಅಲ್ಲೇ ನಿಂತಿರುತ್ತಾರೆ. ಮಾಸ್ಕಿನೊಳಗೆ ನನ್ನ ಹಲ್ಲು ಹೊರಗೆ ಬರುತ್ತದೆ. ಆದರೂ ನಾನು ಚೂರಿ ಕೆಳಗಿಟ್ಟು ಉತ್ತರ ಕೊಡುತ್ತೇನೆ.